ಸವೆಯುವ ಬಂಗಾರ, ಬೆಳೆಯುವ ಶೀಲ

ರಾಯಚೂರು, ದೇವದುರ್ಗ, ಮಾನ್ವಿಯ ಧಮ್ಮ ಬಂಧುಗಳಿಗೆ ಇಂದಿನ ಚಿಂತನೆ.

"ಬಂಗಾರ ಎಲ್ಲಿ ಹೋಗ್ತದ, ಹಂಗೇ ಇರ್ತದ" ಎಂದು ಮದುವೆ ಮಾತುಕತೆಯಲ್ಲಿ ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಅದು ಸವೆಯುತ್ತದೆ. ಶುದ್ಧ ಬಂಗಾರ ಮೆತ್ತಗಿನ ಲೋಹ. ಗಟ್ಟಿಯಾಗಲೆಂದೇ ಒಡವೆಗೆ ತಾಮ್ರ, ಬೆಳ್ಳಿ ಬೆರೆಸುತ್ತಾರೆ. 22 ಕ್ಯಾರೆಟ್ ಒಡವೆಯ ಮೇಲಿನ 916 ಎಂಬ ಅಂಕಿಯ ಅರ್ಥ, ಸಾವಿರ ಭಾಗದಲ್ಲಿ 916 ಭಾಗ ಬಂಗಾರ ಎಂದು. ಬೆರಕೆ ಹಾಕಿದರೂ ಸವೆತ ನಿಲ್ಲುವುದಿಲ್ಲ. ಮಾನ್ವಿ ಕಡೆ ಭತ್ತದ ನಾಟಿ ಹಚ್ಚುವ, ದೇವದುರ್ಗದ ಕಡೆ ಹತ್ತಿ ಬಿಡಿಸುವ ನಮ್ಮ ತಾಯಂದಿರ ಕೊರಳಲ್ಲಿ ಸರದ ಕೊಂಡಿಗೆ ಕೊಂಡಿ ದಿನವೂ ಉಜ್ಜುತ್ತದೆ. ಬೆವರಿಗೆ ಅಂಟಿದ ಮಣ್ಣು ಅದನ್ನು ಅರದಂತೆ ತೇಯುತ್ತದೆ. ಕೊಂಡಿ ಕಡಿದು ಪತ್ತಾರರ ತಕ್ಕಡಿಗೆ ಹೋದಾಗಲೇ ತೂಕ ಕಡಿಮೆಯಾದದ್ದು ಗೊತ್ತಾಗುವುದು. ಯಾರೂ ಕದಿಯಲಿಲ್ಲ, ಎಲ್ಲೂ ಬೀಳಲಿಲ್ಲ. ಭಗವಾನ್ ಬುದ್ಧರು ಅನಿಚ್ಚ ಎಂದದ್ದು ಇದನ್ನೇ. ಅದು ಸಾವಿನ ದಿನ ನೆನೆಯುವ ಮಾತಷ್ಟೇ ಅಲ್ಲ, ಕೊರಳಲ್ಲೇ ನಡೆದಿರುವ ಕೆಲಸ.

ಹಾಗೆಂದು ಬಂಗಾರ ಹಾಕಬೇಡಿ ಎನ್ನುತ್ತಿಲ್ಲ. ನಮ್ಮ ಅಜ್ಜಿಯರಿಗೆ ಒಳ್ಳೆಯ ಒಡವೆ, ಒಳ್ಳೆಯ ಸೀರೆ ತೊಡಲು ಊರು ಬಿಡುತ್ತಿರಲಿಲ್ಲ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಜಾತಿಯ ಗುರುತಾಗಿದ್ದ ಅಗ್ಗದ ಲೋಹದ ಒಡವೆಗಳನ್ನು ಬಿಡಿ, ತೊಟ್ಟರೆ ಬಂಗಾರ ತೊಡಿ, ಇಲ್ಲದಿದ್ದರೆ ಬೇಡ ಎಂದು ತಿಳಿಹೇಳಿದರು. ಅವರು ಮಾತಾಡಿದ್ದು ಮಾನದ ಬಗ್ಗೆ. ಮಕ್ಕಳನ್ನು ಶಾಲೆಗೆ ಕಳಿಸಿ ಎಂದದ್ದೂ ಅದೇ ಭಾಷಣದಲ್ಲಿ.

ಈಗ ನಮ್ಮ ಕೇರಿಗಳಲ್ಲಿ ಏನಾಗುತ್ತಿದೆ? ಬಡ್ಡಿ ಸಾಲ ತಂದು ಮದುವೆಗೆ ಬಂಗಾರ ಹಾಕುತ್ತೇವೆ. ಬಡ್ಡಿ ತೀರಿಸಲು ಅದೇ ಬಂಗಾರ ಅಡವು ಹೋಗುತ್ತದೆ. ಅಲ್ಲಿ ತೂಗುವುದು ಇಂದಿನ ತೂಕವನ್ನು, ಕೊಟ್ಟ ಮಜೂರಿ ಲೆಕ್ಕಕ್ಕೇ ಇಲ್ಲ. ಆಮೇಲೆ ಇಡೀ ಮನೆ ಬೆಂಗಳೂರಿಗೆ ಗುಳೆ. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳ ಹಿಂದೆ ಇಂಥ ಸಾಲಗಳಿರುವುದನ್ನು ನಾನು ಕಂಡಿದ್ದೇನೆ.

ಬುದ್ಧರು ಸಿಗಾಲನೆಂಬ ಗೃಹಸ್ಥನಿಗೆ ದುಡಿಮೆಯನ್ನು ನಾಲ್ಕು ಪಾಲು ಮಾಡಲು ಹೇಳಿದರು. ಒಂದು ಪಾಲು ಬದುಕಿಗೆ, ಎರಡು ಪಾಲು ಕಸುಬಿಗೆ, ನಾಲ್ಕನೆಯದು ಕಷ್ಟಕಾಲಕ್ಕೆ. ಬಂಗಾರದ ಜಾಗ ಆ ನಾಲ್ಕನೆಯ ಪಾಲು. ಸಾಲ ಮಾಡಿ ಕೊಂಡದ್ದು ಕಷ್ಟವನ್ನೇ ಕೊಂಡಂತೆ. ಗುಂಡಿನ ಸರ ಅಡವಿಟ್ಟು ಮಗಳ ಕಾಲೇಜು ಫೀಸು ಕಟ್ಟಿದ ತಾಯಂದಿರೂ ನಮ್ಮಲ್ಲಿದ್ದಾರೆ. ಅವರಿಗೆ ಈ ಪಾಠ ಮೊದಲೇ ಗೊತ್ತು.

ನಮ್ಮ ಜಿಲ್ಲೆಯ ನೆಲದಲ್ಲಿ ಎರಡು ಸಂಪತ್ತುಗಳಿವೆ. ಒಂದು ಹಟ್ಟಿಯ ಬಂಗಾರ. ಇನ್ನೊಂದು ಮಸ್ಕಿಯ ಬಂಡೆ. 1915ರಲ್ಲಿ ಆ ಶಾಸನವನ್ನು ಗುರುತಿಸಿದವನು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್. ಅಲ್ಲಿ ಸಿಕ್ಕದ್ದು ಅಶೋಕನ ಹೆಸರು. ಜೊತೆಗೆ ಒಂದು ಭರವಸೆ: ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಕೆಳಗಿನವರೆನಿಸಿದವರಿಗೂ ಸಿಗುತ್ತದೆ, ಹೀಗೆ ನಡೆದರೆ ಅದು ಬಹುಕಾಲ ಉಳಿದು ಒಂದೂವರೆ ಪಟ್ಟು ಬೆಳೆಯುತ್ತದೆ.

ಬಂಗಾರದ ಲೆಕ್ಕ ಇದಕ್ಕೆ ತಿರುಗಾಮುರುಗಾ. ಪೆಟ್ಟಿಗೆಯಲ್ಲಿಟ್ಟ ಬಂಗಾರ ಉಳಿಯುತ್ತದೆ, ಬಳಸಿದರೆ ಸವೆಯುತ್ತದೆ. ಶೀಲವನ್ನು ಭಾನುವಾರದ ವಿಹಾರಕ್ಕಷ್ಟೇ ಎತ್ತಿಟ್ಟರೆ ಸವೆಯುತ್ತದೆ, ದಿನವೂ ಬಳಸಿದರೆ ಬೆಳೆಯುತ್ತದೆ. ವಿದ್ಯೆಯೂ ಹಾಗೆಯೇ.

ಇಂದಿನ ಅಭ್ಯಾಸ: ಮನೆಯಲ್ಲಿ ಮದುವೆ ಮಾತು ನಡೆದಿದ್ದರೆ, "ಎಷ್ಟು ತೊಲ?" ಎಂದು ಕೇಳುವ ಮೊದಲು "ಹುಡುಗಿ ಎಲ್ಲಿವರೆಗೆ ಓದ್ಯಾಳ, ಮುಂದ ಓದ್ತಾಳೇನು?" ಎಂದು ಕೇಳೋಣ. ತ್ರಿಶರಣ, ಪಂಚಶೀಲ, ಎರಡು ಹೂಮಾಲೆ ಇದ್ದರೆ ಧಮ್ಮ ವಿವಾಹ ಪೂರ್ಣ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.