ಶೀರ್ಷಪ್ರಹೇಲಿಕೆಯೂ ಮಾಯಾಶಲ್ಯವೂ

ದೋಷವು ದೊಡ್ಡದಾದಷ್ಟೂ ಅದರ ಪರಿಹಾರ ಕಠಿಣವೆಂಬುದು ಲೋಕದ ಸಾಮಾನ್ಯ ನಂಬಿಕೆ. ಆದರೆ ಆ ಕಾಠಿಣ್ಯವು ದೋಷದ ಗಾತ್ರದಲ್ಲಿದೆಯೋ, ಅದನ್ನು ಮರೆಮಾಚುವ ಮನಸ್ಸಿನಲ್ಲಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಗಣಿತವನ್ನು ಶಾಸ್ತ್ರಾಧ್ಯಯನದ ಅಂಗವೆಂದೇ ಭಾವಿಸಿದ ಜೈನ ಪರಂಪರೆಯಲ್ಲಿ ಇದಕ್ಕೊಂದು ಸಂಖ್ಯಾದೃಷ್ಟಾಂತವನ್ನು ಅರಸುವುದು ಉಚಿತವೇ ಆಗಿದೆ.

ಶ್ವೇತಾಂಬರ ಆಗಮವಾದ ಅನುಯೋಗದ್ವಾರ ಸೂತ್ರವು ಕಾಲಗಣನೆಯನ್ನು ವಿವರಿಸುತ್ತದೆ. 84 ಲಕ್ಷ ವರ್ಷಗಳು ಒಂದು ಪೂರ್ವಾಂಗ; 84 ಲಕ್ಷ ಪೂರ್ವಾಂಗಗಳು ಒಂದು ಪೂರ್ವ. ಹೀಗೆಯೇ ತ್ರುಟಿತ, ಪದ್ಮ, ನಳಿನ ಮೊದಲಾದ ಮಾನಗಳನ್ನು ದಾಟಿ 28ನೆಯ ಮೆಟ್ಟಿಲಲ್ಲಿ ಶೀರ್ಷಪ್ರಹೇಲಿಕೆ ದೊರೆಯುತ್ತದೆ. ಅದು 194 ಅಂಕಿಗಳ ಸಂಖ್ಯೆ. ಕೊನೆಯ 140 ಸ್ಥಾನಗಳಲ್ಲಿ ಸೊನ್ನೆಗಳೇ ಇವೆ. ಗಣನೆಯ ವ್ಯವಹಾರವು ಇಲ್ಲಿಗೆ ಮುಗಿದು, ಮುಂದಿನದನ್ನು ಪಲ್ಯೋಪಮ, ಸಾಗರೋಪಮಗಳೆಂಬ ಉಪಮಾನಗಳಿಂದಲೇ ಹೇಳಬೇಕಾಗುತ್ತದೆ.

ಇಷ್ಟು ಬೃಹತ್ತಾದ ಈ ಸಂಖ್ಯೆಯನ್ನು ಬಿಡಿಸುವುದು ಮಾತ್ರ ಶಾಲಾ ಬಾಲಕನಿಗೂ ಸಾಧ್ಯ. 84 ಲಕ್ಷವೆಂದರೆ ಏಳು ಬಾರಿ 2, ಒಂದು ಬಾರಿ 3, ಐದು ಬಾರಿ 5, ಒಂದು ಬಾರಿ 7 ಇವುಗಳ ಗುಣಲಬ್ಧ. ಆದ್ದರಿಂದ ಶೀರ್ಷಪ್ರಹೇಲಿಕೆಯಲ್ಲಿ 2 ಎಂಬುದು 196 ಬಾರಿ, 3 ಎಂಬುದು 28 ಬಾರಿ, 5 ಎಂಬುದು 140 ಬಾರಿ, 7 ಎಂಬುದು 28 ಬಾರಿ ಸೇರಿವೆ. ಈ ನಾಲ್ಕು ಅವಿಭಾಜ್ಯ ಸಂಖ್ಯೆಗಳ ಹೊರತು ಬೇರೊಂದಿಲ್ಲ. ಘಟಕಗಳು ಸಣ್ಣವು, ಅದು ಬೆಳೆದ ಕ್ರಮವೂ ಬಹಿರಂಗ.

ಇದಕ್ಕೆ ವಿರುದ್ಧವಾದ ನಿದರ್ಶನವು ಅಮೆರಿಕದಲ್ಲಿದೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ವಿದ್ವಾಂಸರು ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಟ್ಟಾಗಿಟ್ಟು, ಅವುಗಳ ಗುಣಲಬ್ಧವಾದ 129 ಅಂಕಿಗಳ ಸಂಖ್ಯೆಯನ್ನಷ್ಟೇ ಸವಾಲಾಗಿ ಪ್ರಕಟಿಸಿದರು. ಶೀರ್ಷಪ್ರಹೇಲಿಕೆಯ ಮುಂದೆ ಇದು ಅಣುಮಾತ್ರ. ಆದರೂ ಇದನ್ನು ಒಡೆಯಲು ಹದಿನೇಳು ವರ್ಷಗಳೇ ಹಿಡಿದವು. 1994ರಲ್ಲಿ ಸುಮಾರು 600 ಮಂದಿ ಸ್ವಯಂಸೇವಕರು ತಮ್ಮ ಗಣಕಯಂತ್ರಗಳನ್ನು ಎಂಟು ತಿಂಗಳು ದುಡಿಸಿದ ಬಳಿಕ 64 ಮತ್ತು 65 ಅಂಕಿಗಳ ಆ ಎರಡು ಘಟಕಗಳು ಹೊರಬಿದ್ದವು. ಅವುಗಳಲ್ಲಿ ಒಂದನ್ನು ಬಲ್ಲವನಿಗಾದರೋ ಒಂದೇ ಭಾಗಾಕಾರದಿಂದ ಇನ್ನೊಂದು ದೊರೆಯುತ್ತಿತ್ತು.

ದೃಷ್ಟಾಂತದ ಸಾರವು ಇಲ್ಲಿಯೇ ಇದೆ. ಪರರು ವರ್ಷಗಟ್ಟಲೆ ಶೋಧಿಸಿದರೂ ಕಾಣದುದನ್ನು ಮಾಡಿದವನು ಒಂದು ಕ್ಷಣದಲ್ಲಿ ಹೇಳಬಲ್ಲನು. ಆದುದರಿಂದಲೇ ತತ್ತ್ವಾರ್ಥಸೂತ್ರವು ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆಗೆ, ಅಂದರೆ ಗುರುವಿನೆದುರು ತನ್ನ ದೋಷವನ್ನು ತಾನೇ ನಿವೇದಿಸುವುದಕ್ಕೆ, ಮೊದಲ ಸ್ಥಾನವನ್ನಿತ್ತಿದೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಮಾಯೆಯು ಈ ನಿವೇದನೆಯನ್ನೇ ತಡೆಯುವ ಮುಳ್ಳು. ಹೊರಗೆ ಕಾಣುವ ಹುಣ್ಣಿಗಿಂತ ಒಳಗೆ ಮುರಿದು ಉಳಿದ ಮುಳ್ಳು ಅಪಾಯಕರ.

ಗುಟ್ಟೆಲ್ಲವೂ ದೋಷವೇ ಎಂದು ಕೇಳಬಹುದು. ಹಾಗಲ್ಲ. ಆ ವಿದ್ವಾಂಸರ ಉಪಾಯವು ಇತರರ ಪತ್ರ, ಧನಗಳ ರಕ್ಷಣೆಗೆ ಒದಗಿತು, ಗುಪ್ತದಾನವೂ ಶ್ಲಾಘ್ಯವೇ. ಪರರ ಹಿತಕ್ಕಾಗಿ ಗುಟ್ಟನ್ನು ಕಾಪಾಡುವುದು ಬೇರೆ, ತನ್ನ ತಪ್ಪನ್ನು ಮುಚ್ಚಿಡುವುದು ಬೇರೆ. ಹಾಗೆಯೇ, ನಿವೇದಿಸಿದೊಡನೆ ಎಲ್ಲವೂ ತೀರಿತೆಂಬುದೂ ಸರಿಯಲ್ಲ. ಘಟಕಗಳನ್ನು ತಿಳಿದಮಾತ್ರಕ್ಕೆ ಸಂಖ್ಯೆಯು ಕರಗುವುದಿಲ್ಲ. ನಿರ್ಜರೆಗೆ ತಪಸ್ಸು ಬೇಕೇ ಬೇಕು. ಆದರೆ ಎಲ್ಲಿಂದ ಆರಂಭಿಸಬೇಕೆಂಬುದು ಆಲೋಚನೆಯಿಂದಲೇ ತಿಳಿಯುತ್ತದೆ.

ಈ ಮಾತು ಮುನಿಗಳಿಗೆ ಮಾತ್ರವಲ್ಲ, ಶ್ರಾವಕರ ಮನೆಗೂ ಬಸದಿಯ ಲೆಕ್ಕದ ಪುಸ್ತಕಕ್ಕೂ ಅನ್ವಯಿಸುತ್ತದೆ. ಲಕ್ಷಗಳ ಕೊರತೆಯಾದರೂ ಮೆಟ್ಟಿಲು ಮೆಟ್ಟಿಲಾಗಿ ಬರೆದಿಟ್ಟಿದ್ದರೆ ಸಭೆಯ ಮುಂದೆ ಒಂದೇ ದಿನದಲ್ಲಿ ಬಿಡಿಸಬಹುದು. ಮುಚ್ಚಿಟ್ಟ ನೂರು ರೂಪಾಯಿ ಮಾತ್ರ ತಲೆಮಾರುಗಳ ವಿಶ್ವಾಸವನ್ನು ಕೊರೆಯುತ್ತದೆ. ದಿನದ ಕೊನೆಯಲ್ಲಿ ಪ್ರತಿಕ್ರಮಣಕ್ಕೆ ಕುಳಿತ ಗೃಹಸ್ಥನು ತನ್ನ ತಪ್ಪು ಎಷ್ಟು ದೊಡ್ಡದೆಂದು ಅಂಜುವ ಮೊದಲು, ಅದನ್ನು ಯಾರಿಂದ ಮರೆಮಾಡಿದ್ದೇನೆಂದು ಕೇಳಿಕೊಳ್ಳುವುದು ಶ್ರೇಯಸ್ಕರ.