ಹಲ್ಲಿನ ತಂತಿ, ಒಂದು ಸಣ್ಣ ಸುಳ್ಳು

ಪೂಜೆ ಮುಗಿದ ಮೇಲೆ ಒಬ್ಬ ಸೋದರಿ ಕೇಳಿದರು: “40ರ ಪ್ರಾಯದಲ್ಲಿ ಹಲ್ಲಿಗೆ ತಂತಿ ಹಾಕಿಸಬೇಕು. ಸ್ಕೂಟರಿನಿಂದ ಬಿದ್ದದ್ದೆಂದು ಡಾಕ್ಟರರಿಂದ ಬರೆಸಿದರೆ ವಿಮೆ ಸಿಗುತ್ತದಂತೆ. ತಪ್ಪೇ?”

ನಮ್ಮಲ್ಲಿನ ಹೆಚ್ಚಿನ ಆರೋಗ್ಯ ವಿಮೆಗಳು ಹಲ್ಲಿನ ಖರ್ಚು ಕೊಡುವುದು ಅಪಘಾತವಾಗಿ ಆಸ್ಪತ್ರೆ ಸೇರಿದರೆ. ತಂತಿಯನ್ನು ಅಂದಚೆಂದದ ಲೆಕ್ಕಕ್ಕೆ ಸೇರಿಸಿ ಬಿಟ್ಟುಬಿಡುತ್ತವೆ. ಇದು ಪೂರ್ತಿ ನ್ಯಾಯವೆಂದು ನನಗನ್ನಿಸುವುದಿಲ್ಲ. ಅನ್ನ ಅಗಿಯಲಾಗದವರಿಗೆ ಎಲ್ಲಿಯ ಅಂದ? ಆದರೆ ವಿಮೆಯ ಹಣದಲ್ಲಿ ಕಂತು ಕಟ್ಟಿದ ನೆರೆಯವರ ಪಾಲೂ ಇದೆ. ಸುಳ್ಳು ಬರೆದ ಡಾಕ್ಟರರೂ ತಪ್ಪಿನಲ್ಲಿ ಭಾಗಿ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗಬಹುದು (ಇದು ಬರೀ ಹೆದರಿಕೆಯ ಮಾತು, ಬಿಡಿ).

“ಅಗಿಯಲು ಕಷ್ಟವೆಂಬುದು ನಿಜವಾದರೆ ಅದನ್ನೇ ಬರೆಸಿ ಕೇಳಿ” ಎಂದೆ.

“ಕೊಡುತ್ತಾರಾ?”

“ಕೊಡಲಿಕ್ಕಿಲ್ಲ.”

ಅವರು ನಕ್ಕರು, ಬಾಯಿಗೆ ಸೆರಗು ಅಡ್ಡ ಹಿಡಿದು.