ಕಟ್ಟು ಮತ್ತು ಕರುಣೆ

ನಾಯಿಯು ಕಟ್ಟು ಕಳಚಿಕೊಂಡು ಓಡಿಹೋದಾಗ ಗೃಹಸ್ಥನು ಮೊದಲು ಪರೀಕ್ಷಿಸುವುದು ಅದರ ಕೊರಳಪಟ್ಟಿಯನ್ನು. ಪಟ್ಟಿ ಸಡಿಲವಾಗಿದ್ದಿತೇ, ಸರಪಳಿ ಸವೆದಿದ್ದಿತೇ, ಬೇಲಿಯಲ್ಲಿ ಸಂದು ಬಿದ್ದಿದ್ದಿತೇ ಎಂದು ವಿಚಾರಿಸುತ್ತಾನೆ. ಇದು ಅವಶ್ಯವೇ ಸರಿ. ಆದರೆ ಅದು ಏಕೆ ಓಡಿತೆಂದು ಕೇಳುವವರು ವಿರಳ. ಮತ್ತೊಂದು ಜೀವವನ್ನು ಕಟ್ಟಿಹಾಕುವ ಅಧಿಕಾರಕ್ಕೆ ಮೇರೆ ಯಾವುದೆಂಬ ಧರ್ಮಜಿಜ್ಞಾಸೆಯು ಈ ಸಣ್ಣ ಪ್ರಶ್ನೆಯಲ್ಲಿಯೇ ಅಡಗಿದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನು ಅರಿಯದವರಿಲ್ಲ. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಅದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಅದರ ತಲೆ ನೀಳವಾಗಿಯೂ ಕಿರಿದಾಗಿಯೂ ಇರುವುದರಿಂದ, ಅದು ಹಿಂದಕ್ಕೆ ಸರಿದು ತಲೆತಗ್ಗಿಸಿ ಜಗ್ಗಿದರೆ ಸಾಧಾರಣ ಪಟ್ಟಿಯು ಕಿವಿಗಳ ಮೇಲಿನಿಂದ ಜಾರಿಬಿಡುತ್ತದೆ. ಆದಕಾರಣ ಇಂತಹ ತಳಿಗಳಿಗೆ, ಜಗ್ಗಿದಾಗ ಉಸಿರು ಕಟ್ಟಿಸದೆ ತುಸುವೇ ಬಿಗಿಯಾಗುವ ಅಗಲವಾದ ಪಟ್ಟಿಯನ್ನು ಬಳಸುವುದುಂಟು. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವುದು ಈ ಪ್ರಾಣಿಯ ಹುಟ್ಟುಗುಣ. ಓಡುವ ಮೊಲವನ್ನು ಕಂಡು ಅದು ಕಟ್ಟು ಕಳಚಿದರೆ ಅದನ್ನು ಅವಿಧೇಯತೆಯೆನ್ನಬಹುದೇ? ಬೇರೆ ನಾಯಿಗಳು ಪಟಾಕಿಯ ಸದ್ದಿಗೆ ಬೆದರಿ ಓಡುತ್ತವೆ. ಕೆಲವು ಸಂಗಾತಿಯನ್ನರಸಿ, ಇನ್ನು ಕೆಲವು ಏಕಾಂತದ ಬೇಸರವನ್ನು ತಾಳಲಾರದೆ ಓಡುತ್ತವೆ. ಪ್ರತಿಯೊಂದು ಓಟಕ್ಕೂ ಒಂದು ಕಾರಣವುಂಟು.

ಹಾಗಾದರೆ ಕಟ್ಟಲೇಬಾರದೇ? ಹಾಗಲ್ಲ. ಬೀದಿಯಲ್ಲಿ ವಾಹನಗಳಿವೆ, ನೆರೆಯವರ ಕುರಿಗಳಿವೆ, ಮಕ್ಕಳಿದ್ದಾರೆ, ಹುಚ್ಚುನಾಯಿರೋಗದ ಭಯವಿದೆ. ಸಾಕಿದವನು ಕಟ್ಟದೆ ಬಿಡುವುದು ಔದಾರ್ಯವಲ್ಲ, ಹೊಣೆಗೇಡಿತನ. ಆದರೆ ಕಟ್ಟಿದೊಡನೆ ಅವನ ಹೊಣೆ ತೀರುವುದಿಲ್ಲ. ಅಲ್ಲಿಂದಲೇ ಅದು ಮೊದಲಾಗುತ್ತದೆ. ಕಟ್ಟಿದವನೇ ನೀರು, ನೆರಳು, ಓಟ, ಒಡನಾಟಗಳನ್ನು ಒದಗಿಸಬೇಕು. ಕಟ್ಟಿದ ಪ್ರಾಣಿಯು ತಾನಾಗಿ ಅವನ್ನು ಅರಸಿಕೊಳ್ಳಲಾರದಷ್ಟೆ.

ತಪ್ಪಿಸಿಕೊಳ್ಳದ ನಾಯಿಯೇ ಒಳ್ಳೆಯ ನಾಯಿಯೆಂಬ ನಂಬಿಕೆಯನ್ನೂ ಪರಾಮರ್ಶಿಸಬೇಕು. 1967ರಲ್ಲಿ ಅಮೇರಿಕದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ಎಂಬ ವಿಜ್ಞಾನಿಗಳು ಒಂದು ಕಠೋರ ಪ್ರಯೋಗವನ್ನು ಪ್ರಕಟಿಸಿದರು. ನಾಯಿಗಳನ್ನು ಪಟ್ಟಿಗಳಿಂದ ಬಿಗಿದು, ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದಂತೆ ವಿದ್ಯುತ್ತಿನ ಆಘಾತವನ್ನು ಕೊಟ್ಟರು. ಅನಂತರ ಅವನ್ನು ಸುಲಭವಾಗಿ ದಾಟಬಹುದಾದ ತಗ್ಗು ಗೋಡೆಯುಳ್ಳ ಆವರಣದಲ್ಲಿ ಬಿಟ್ಟರೆ, ಹೆಚ್ಚಿನವು ಆಘಾತವನ್ನು ಸಹಿಸುತ್ತ ಅಲ್ಲಿಯೇ ಉಳಿದವು, ದಾಟಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಹಾಕಿ ಮತ್ತೆ ಮತ್ತೆ ಆಚೆಗೆ ಎಳೆದೊಯ್ದ ಮೇಲೆಯೇ ಅವು ತಾವಾಗಿ ದಾಟಲು ಕಲಿತವು. ಯಾವ ಹಗ್ಗವನ್ನು ಬಂಧನವೆನ್ನುತ್ತೇವೆಯೋ ಅದೇ ಅಲ್ಲಿ ಬಿಡುಗಡೆಯ ದಾರಿಯನ್ನು ತೋರಿತು. ಹಗ್ಗದ ಗುಣವು ಹಗ್ಗದಲ್ಲಿಲ್ಲ, ಹಿಡಿದವನ ಉದ್ದೇಶದಲ್ಲಿದೆ.

ಇದು ನಾಯಿಗೆ ಮಾತ್ರ ಸಲ್ಲುವ ಮಾತಲ್ಲ. ಮನೆಯಲ್ಲಿ ಮಗನು ಎದುರು ಮಾತಾಡುವುದಿಲ್ಲ, ಸೊಸೆ ದನಿಯೆತ್ತುವುದಿಲ್ಲ, ಆಳು ತಲೆಯೆತ್ತುವುದಿಲ್ಲವೆಂದು ಹೆಮ್ಮೆಪಡುವ ಯಜಮಾನನು ಆ ಮೌನವು ಶಾಂತಿಯೋ, ಆಸೆಯನ್ನೇ ತೊರೆದ ಜೀವದ ನಿಶ್ಚೇಷ್ಟತೆಯೋ ಎಂದು ವಿವೇಚಿಸಬೇಕು. ಶರಣರು ದಯೆಯನ್ನು ಮನುಷ್ಯರಿಗಷ್ಟೇ ಮೀಸಲಿಡಲಿಲ್ಲ. ಅದನ್ನು ಮಾತಿನಲ್ಲಿ ಮಾತ್ರ ಉಳಿಸಲೂ ಇಲ್ಲ.

ಓಡಿಹೋದ ನಾಯಿಯು ಸಂಜೆಗೆ ಬಾಗಿಲಿಗೆ ಬಂದು ನಿಂತಾಗ ಯಜಮಾನನ ಧರ್ಮಕ್ಕೆ ನಿಜವಾದ ಪರೀಕ್ಷೆ. ಆಗ ಹೊಡೆದರೆ ಅದು ಓಡಿದ್ದಕ್ಕೆ ಶಿಕ್ಷೆಯೆಂದು ನಾಯಿಗೆ ತಿಳಿಯದು. ಮರಳಿ ಬಂದುದಕ್ಕೇ ಪೆಟ್ಟು ಬಿತ್ತೆಂದು ತಿಳಿಯುತ್ತದೆ. ಮುಂದಿನ ಬಾರಿ ಅದು ಬಾರದೇ ಹೋಗಬಹುದು. ಮೊದಲು ನೀರಿಟ್ಟು, ಮೈದಡವಿ, ಬಳಿಕ ಪಟ್ಟಿಯನ್ನು ಸರಿಪಡಿಸುವುದೇ ಯೋಗ್ಯ. ಕೊರಳ ಕಟ್ಟು ಜಾರಿದ ಮೇಲೆಯೂ ಮನೆಯತ್ತ ಸೆಳೆಯುವ ಕಟ್ಟೊಂದಿದ್ದರೆ, ಆ ಸಾಕಣೆಯೇ ಸಾರ್ಥಕ.